ಡೌನ್ ಹೌಸ್: ಡಾರ್ವಿನ್ ನಲವತ್ತು ವರ್ಷ ದುಡಿದ ಮನೆ

ಲಂಡನ್ನಿನ ಆಗ್ನೇಯ ಅಂಚಿನಲ್ಲಿರುವ ಡೌನ್ ಹೌಸ್, ಚಾರ್ಲ್ಸ್ ಡಾರ್ವಿನ್ 1842ರಿಂದ 1882ರಲ್ಲಿ ತೀರಿಕೊಳ್ಳುವವರೆಗೆ ಸಂಸಾರ ಸಮೇತ ಬಾಳಿದ ಮನೆ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಈಗ ಇದನ್ನು ವಸ್ತುಸಂಗ್ರಹಾಲಯವಾಗಿ ನಡೆಸುತ್ತಿದೆ. ವಿಕಾಸವಾದವನ್ನು ಬೀಗಲ್ ಹಡಗು ಮತ್ತು ಗಲಾಪಗೋಸ್ ದ್ವೀಪಗಳ ಕಥೆಯಾಗಿಯಷ್ಟೇ ಓದಿಕೊಂಡವರು ಇಲ್ಲಿಗೆ ಬರಲೇಬೇಕು. ಬೀಗಲ್ ಹಡಗಿನಲ್ಲಿ ಡಾರ್ವಿನ್ ಕೈಗೊಂಡ ಐದು ವರ್ಷಗಳ ಆ ಪಯಣ ಎತ್ತಿದ ಪ್ರಶ್ನೆಗಳಿಗೆ ಅವರು ಉತ್ತರ ಹುಡುಕಿದ್ದು ಬಹುಪಾಲು ಈ ಮನೆ, ಈ ಹಿತ್ತಿಲುಗಳಲ್ಲಿ.

ನೆಲಮಹಡಿಯ ಬರವಣಿಗೆಯ ಕೋಣೆಯಲ್ಲಿ ಚಕ್ರ ಹಾಕಿಸಿದ ಎತ್ತರದ ಕುರ್ಚಿಯಿದೆ. ಅದರ ಎರಡು ಕೈಗಳ ಮೇಲೆ ಬಟ್ಟೆ ಹೊದಿಸಿದ ಹಲಗೆಯೊಂದನ್ನು ಅಡ್ಡಲಾಗಿಟ್ಟುಕೊಂಡು ಡಾರ್ವಿನ್ ಬರೆಯುತ್ತಿದ್ದರು. 1859ರಲ್ಲಿ ಪ್ರಕಟವಾದ ‘ಜೀವಿ ಪ್ರಭೇದಗಳ ಉಗಮ’ ರೂಪುಗೊಂಡದ್ದು ಹೀಗೆ. ಅದಕ್ಕೂ ಮೊದಲು ಬಂಡೆಗಳಿಗೆ ಅಂಟಿ ಬದುಕುವ ಬಾರ್ನಕಲ್ ಜೀವಿಗಳ ಅಧ್ಯಯನಕ್ಕೇ ಅವರು ಎಂಟು ವರ್ಷ ಸವೆಸಿದ್ದರು.

ಪಡಸಾಲೆಯ ಪಿಯಾನೋವನ್ನು ಅಲಂಕಾರದ ವಸ್ತುವೆಂದು ದಾಟಿ ಹೋಗಬಾರದು. ಎರೆಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ಡಾರ್ವಿನ್ ಮಣ್ಣಿನ ಕುಂಡಗಳನ್ನು ಪಿಯಾನೋ ಬಳಿ ಇರಿಸಿ ನುಡಿಸಲು ಹೇಳಿದಾಗ ಹುಳುಗಳು ಕದಲಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ಅವು ಸರಕ್ಕನೆ ಬಿಲದೊಳಕ್ಕೆ ಸರಿದವು. ಶಬ್ದ ತಾಕದ ಜೀವಿಗೆ ಕಂಪನ ತಾಕುತ್ತದೆಂಬುದನ್ನು ಅವರು ಕಂಡುಕೊಂಡದ್ದು ಮನೆಯಲ್ಲಿದ್ದ ಸಾಮಾನಿನಿಂದಲೇ!

ಹೊರಗಿನ ತೋಟವೂ ಪ್ರಯೋಗಶಾಲೆಯೇ. ಮೂರಡಿ ಉದ್ದ, ಎರಡಡಿ ಅಗಲದ ನೆಲವನ್ನು ಅಗೆದು ಹಸನು ಮಾಡಿ, ತಾನಾಗಿ ಹುಟ್ಟಿದ ಕಳೆಗಿಡಗಳನ್ನು ಡಾರ್ವಿನ್ ಒಂದೊಂದಾಗಿ ಎಣಿಸಿದ್ದರು: ಮೊಳೆತ 357 ಸಸಿಗಳಲ್ಲಿ 295 ಸಸಿಗಳು ಮುಖ್ಯವಾಗಿ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು), ಕೀಟಗಳ ಪಾಲಾಗಿದ್ದವು. ಬದುಕಿಗಾಗಿ ನಡೆಯುವ ಹೋರಾಟಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ತಿಳಿಯದು. ಗಾಜಿನ ಮನೆಯಲ್ಲಿ ಕೀಟಾಹಾರಿ ಸಸ್ಯಗಳಿವೆ. ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಳೆಗಾಲದಲ್ಲಿ ಕಾಣುವ ಡ್ರೊಸೆರಾದ ಬಂಧುಗಳಿಗೆ ಮಾಂಸದ ಚೂರು, ಮೊಟ್ಟೆಯ ಬಿಳಿಭಾಗಗಳನ್ನಿಟ್ಟು ಅವು ಜೀರ್ಣಿಸಿಕೊಳ್ಳುವುದನ್ನು ಡಾರ್ವಿನ್ ಪರೀಕ್ಷಿಸಿದ್ದರು. ತೋಟದಾಚೆ, ಅವರು ದಿನನಿತ್ಯ ಯೋಚಿಸುತ್ತ ಸುತ್ತುತ್ತಿದ್ದ ಸ್ಯಾಂಡ್‌ವಾಕ್ ಎಂಬ ಕಾಲುದಾರಿ ಇಂದಿಗೂ ನಡೆಯಲು ಮುಕ್ತವಾಗಿದೆ.

ಮೇಲ್ಮಹಡಿಯ ಪ್ರದರ್ಶನ ಮಕ್ಕಳಿಗೆ ಹೆಚ್ಚು ಹಿಡಿಸೀತು. ಡಾರ್ವಿನ್ನರ ಬದುಕನ್ನು ಈಗಾಗಲೇ ಓದಿರುವವರು ಅಲ್ಲಿ ಬೇಗ ಮುಗಿಸಿ, ಉಳಿದ ಹೊತ್ತನ್ನು ತೋಟಕ್ಕೆ ಮೀಸಲಿಡುವುದು ಲೇಸು. ಚಳಿಗಾಲದಲ್ಲಿ ಬಾಗಿಲು ತೆರೆಯುವ ದಿನಗಳು ಕಡಿಮೆಯಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಿ. ಆರ್ಪಿಂಗ್ಟನ್ ರೈಲು ನಿಲ್ದಾಣದಿಂದ ಬಸ್ಸಿದೆ.