100 ಮಿಲಿ ಎಣ್ಣೆಯ ಮೇಲೆ ನಿಂತ ಎಂಜಿನ್: ಅಡಿಕೆ ತೋಟದಲ್ಲಿ ಹೋಂಡಾ ಜಿಎಕ್ಸ್35, ಹಲವು ಮಳೆಗಾಲಗಳ ಬಳಕೆಯ ನಂತರ

ತೋಟಕ್ಕೆ ವೀಡ್ ಕಟರ್ ತಗೊಳ್ಳಬೇಕು, ಟೂ ಸ್ಟ್ರೋಕ್ ತಗೊಳ್ಳಲೋ ಫೋರ್ ಸ್ಟ್ರೋಕ್ ತಗೊಳ್ಳಲೋ ಎಂದು ಮಳೆಗಾಲ ಹತ್ತಿರ ಬಂದಾಗಲೆಲ್ಲ ಯಾರಾದರೂ ಕೇಳುತ್ತಲೇ ಇರುತ್ತಾರೆ. ಫೋರ್ ಸ್ಟ್ರೋಕ್ ತಗೊಳ್ಳಿ ಎಂದೇ ನಾನು ಹೇಳುವುದು. ಆದರೆ ಒಂದು ಷರತ್ತು ಇದೆ. ಅದರ ಹೊಟ್ಟೆಯಲ್ಲಿರುವ 100 ಮಿಲಿ ಎಣ್ಣೆಯನ್ನು ನೀವೇ ಕಣ್ಣಿಟ್ಟು ನೋಡಿಕೊಳ್ಳಬೇಕು. ಅದು ಆಗದು, ಮಷಿನ್ ಆಳುಗಳ ಕೈಗೆ ಕೊಟ್ಟು ಮರೆತುಬಿಡುವವನು ನಾನು ಎನ್ನುವವರಿಗೆ ಟೂ ಸ್ಟ್ರೋಕೇ ಒಳ್ಳೆಯದು. ಯಾಕೆ ಎನ್ನುವುದು ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ತಾನಾಗಿ ತಿಳಿಯುತ್ತದೆ.

ನನ್ನದು ಹೆಗಲಿಗೆ ಪಟ್ಟಿ ಹಾಕಿಕೊಂಡು ನಡೆಸುವ ಮಷಿನ್. ಎಂಜಿನ್ ಹೋಂಡಾ ಜಿಎಕ್ಸ್35. ಪೈಪು, ಗೇರ್ ಹೆಡ್, ಪಟ್ಟಿ, ಬ್ಲೇಡು ಎಲ್ಲ ಬೇರೆ ಕಂಪನಿಯವು. ಶಿರಸಿ ಕಡೆಯ ತೋಟ, ಅದರ ಮೇಲಿನ ಸೊಪ್ಪಿನ ಬೆಟ್ಟ, ಪಕ್ಕದ ಬೇಣ ಎಂಬ ಹುಲ್ಲುಗಾವಲು ಎಲ್ಲದಕ್ಕೂ ಇದೊಂದೇ. ತೋಟದಲ್ಲಿ ಅಗಳದ, ಅಂದರೆ ಕಂದಕದ, ಬದಿಯ ಎಳೆ ಹುಲ್ಲು, ಬೇಣದಲ್ಲಿ ಎದೆಮಟ್ಟದ ಕರಡದ ಹುಲ್ಲು, ಬೆಟ್ಟದಲ್ಲಿ ಬೆರಳು ದಪ್ಪದ ಯುಪಟೋರಿಯಂ ಕಳೆ. ಇಷ್ಟನ್ನೂ ಹೊಡೆದಿದೆ, ಇವತ್ತಿಗೂ ಹೊಡೆಯುತ್ತಿದೆ. ಎಂಜಿನ್ನಿನ ಒಳಸಾಮಾನು ಯಾವುದನ್ನೂ ಬದಲಿಸುವ ಪ್ರಸಂಗ ಇನ್ನೂ ಬಂದಿಲ್ಲ.

ಒಳಗೆ ಇರುವುದು ಒಂದೇ ಸಿಲಿಂಡರ್. 39 ಮಿಲಿಮೀಟರ್ ಅಡ್ಡಳತೆಯ ಪಿಸ್ಟನ್ 30 ಮಿಲಿಮೀಟರ್ ದೂರ ಮೇಲೆ ಕೆಳಗೆ ಓಡುತ್ತದೆ. ಲೆಕ್ಕ ಹಾಕಿದರೆ 35.8 ಸಿಸಿ ಆಯಿತು. ಪಿಸ್ಟನ್ ಕೆಳಗಿಳಿಯುವಾಗ ಒಂದು ವಾಲ್ವ್ ತೆರೆದು ಪೆಟ್ರೋಲು ಬೆರೆತ ಗಾಳಿ ಒಳಗೆ ಬರುತ್ತದೆ. ಮೇಲೇರುವಾಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಒಳಗಿನ ಗಾಳಿ ಎಂಟರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತಿಕೊಳ್ಳುತ್ತದೆ. ಆಗ ಪ್ಲಗ್ಗಿನಲ್ಲಿ ಕಿಡಿ ಹಾರಿ, ಉರಿದ ಗಾಳಿ ಹಿಗ್ಗಿ, ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ನಮಗೆ ಸಿಗುವ ಶಕ್ತಿಯೆಲ್ಲ ಈ ಒಂದು ತಳ್ಳಿನದೇ. ನಾಲ್ಕನೆಯ ಓಟದಲ್ಲಿ ಪಿಸ್ಟನ್ ಮತ್ತೆ ಮೇಲೇರುವಾಗ ಇನ್ನೊಂದು ವಾಲ್ವ್ ತೆರೆದು ಹೊಗೆ ಸೈಲೆನ್ಸರಿಗೆ ಹೋಗುತ್ತದೆ. ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಮಾಡುವ ದಂಡ, ಅದೇ ಕ್ರ್ಯಾಂಕು, ಎರಡು ಸುತ್ತು ತಿರುಗಿದರೆ ಒಂದು ಸಲ ಉರಿ. ಈ ಎಂಜಿನ್ ತನ್ನ ಪೂರ್ತಿ ಶಕ್ತಿ, ಅಂದರೆ 1 ಕಿಲೋವ್ಯಾಟ್ ಅಥವಾ ಸುಮಾರು 1.3 ಎಚ್‌ಪಿ, ಕೊಡುವುದು 7,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 7,000 ಸುತ್ತಿನಲ್ಲಿ. ಆಗ ಸೆಕೆಂಡಿಗೆ 58 ಸಲ ಒಳಗೆ ಬೆಂಕಿ ಹೊತ್ತಿ ಆರುತ್ತಿರುತ್ತದೆ.

ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಉರಿ. ವಾಲ್ವುಗಳಿಲ್ಲ, ಅವನ್ನು ನಡೆಸುವ ಸಾಮಾನಿಲ್ಲ, ಆದ್ದರಿಂದ ತೂಕ ಕಡಿಮೆ, ಸಿಸಿಗೆ ಸಿಗುವ ಜೋರು ಹೆಚ್ಚು. ಅದರ ಕ್ರ್ಯಾಂಕ್‌ಕೇಸಿನ, ಅಂದರೆ ಕ್ರ್ಯಾಂಕು ಕೂತಿರುವ ಗೂಡಿನ, ಮೂಲಕವೇ ಪೆಟ್ರೋಲು ಹಾದುಹೋಗುವುದರಿಂದ ಅಲ್ಲಿ ಎಣ್ಣೆ ನಿಲ್ಲಿಸಿ ಇಡಲು ಬರುವುದಿಲ್ಲ, ಪೆಟ್ರೋಲಿಗೇ ಎಣ್ಣೆ ಕಲಸಬೇಕು. ಕಲಸಿದ ಎಣ್ಣೆ ಪೆಟ್ರೋಲಿನ ಜೊತೆ ಉರಿದು ನೀಲಿ ಹೊಗೆಯಾಗಿ ಹೋಗುತ್ತದೆ. ಅಡಿಕೆ ಮರಗಳ ನಡುವೆ ಗಾಳಿ ಆಡದ ತಗ್ಗಿನಲ್ಲಿ ಬೆಳಗಿಂದ ಮಧ್ಯಾಹ್ನದವರೆಗೆ ಆ ಹೊಗೆ ಕುಡಿದವರಿಗೆ ಅದರ ಕಷ್ಟ ಗೊತ್ತು. ಫೋರ್ ಸ್ಟ್ರೋಕಿಗೆ ಬದಲಾದ ಮೇಲೆ ನಮ್ಮಲ್ಲಿ ಹುಲ್ಲು ಹೊಡೆಯಲು ಬರುವವನು ಮೊದಲ ದಿನವೇ ಹೇಳಿದ್ದು, "ಹೆಗಡೇರೆ, ಇದು ಹೊಡದ್ರೆ ಸಂಜಿಗೆ ತಲಿನೋವು ಬರೂದಿಲ್ಲ." ಈ ಎಂಜಿನ್ನಿನ ಪರವಾಗಿ ಬೇರೆ ಯಾವ ಕಾರಣ ಇಲ್ಲದಿದ್ದರೂ ನನಗೆ ಇದೊಂದು ಸಾಕಿತ್ತು. ದಿನವಿಡೀ ಅದನ್ನು ಹೊರುವ ಮನುಷ್ಯನ ಶ್ವಾಸಕೋಶ ಲೆಕ್ಕಕ್ಕೆ ಬರಬೇಕು.

ಈಗ ಎಣ್ಣೆಯ ವಿಷಯ. ಕಾರಿನ ಎಂಜಿನ್ ನೆಟ್ಟಗೆ ಕೂತಿರುತ್ತದೆ, ಎಣ್ಣೆ ಕೆಳಗೆ ನಿಂತಿರುತ್ತದೆ. ನಮ್ಮದು ಅಗಳದ ದರೆ ಹೊಡೆಯುವಾಗ ಅಡ್ಡ ತಿರುಗುತ್ತದೆ, ಬೆಟ್ಟದ ಏರಿನಲ್ಲಿ ಹಿಮ್ಮುಖ ಮಾಲುತ್ತದೆ. ಹಾಗಾದರೂ ಎಣ್ಣೆ ಸಿಲಿಂಡರಿಗೆ ನುಗ್ಗಬಾರದು, ವಾಲ್ವುಗಳಿಗೆ ತಲುಪದೆಯೂ ಇರಬಾರದು. ಇದಕ್ಕಾಗಿ ಎಣ್ಣೆಯನ್ನು ಕ್ರ್ಯಾಂಕಿನ ಪಕ್ಕದಲ್ಲಿ ಪ್ರತ್ಯೇಕ ಕೋಣೆಯಲ್ಲಿ ಇಟ್ಟಿದ್ದಾರೆ. ಕ್ರ್ಯಾಂಕಿನ ಜೊತೆ ತಿರುಗುವ ಒಂದು ರೆಕ್ಕೆ ಆ ಎಣ್ಣೆಯನ್ನು ಬಡಿದು ಮಂಜಿನಂತೆ ನುಣ್ಣಗೆ ಮಾಡುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಹುಟ್ಟುವ ಒತ್ತಡಕ್ಕೆ ಆ ಮಂಜು ವಾಲ್ವುಗಳ ತನಕ ಹೋಗಿ, ಅಲ್ಲಿ ಹನಿಯಾಗಿ, ತಿರುಗಿ ಕೋಣೆಗೆ ಬರುತ್ತದೆ. ವಾಲ್ವುಗಳನ್ನು ನಡೆಸುವ ಕ್ಯಾಮನ್ನು ತಿರುಗಿಸುವುದು ಹಲ್ಲಿರುವ ರಬ್ಬರ್ ಬೆಲ್ಟು, ಅದೂ ಇದೇ ಎಣ್ಣೆಯ ಮಂಜಿನಲ್ಲಿ ಓಡುತ್ತದೆ. ಸರಪಳಿಯ ಗಲಾಟೆ ಇಲ್ಲ, ತೂಕವೂ ಕಡಿಮೆ. ಎಂಜಿನ್ನನ್ನು ಯಾವ ದಿಕ್ಕಿಗೆ ತಿರುಗಿಸಿದರೂ ನಡೆಯುತ್ತದೆ ಎಂದು ಕಂಪನಿ ಹೇಳುವುದು ಈ ಏರ್ಪಾಡಿನ ಬಲದ ಮೇಲೆ. ನಮ್ಮ ಏರು ತಗ್ಗುಗಳಲ್ಲಿ ಆ ಮಾತು ಸುಳ್ಳಾಗಿದ್ದು ನಾನು ನೋಡಿಲ್ಲ.

ಇಷ್ಟೆಲ್ಲ ಕೆಲಸಕ್ಕೂ ಇರುವುದು 100 ಮಿಲಿ ಎಣ್ಣೆ. ಅರ್ಧ ಲೋಟ. ಕ್ರ್ಯಾಂಕು, ಪಿಸ್ಟನ್, ಕ್ಯಾಮು, ಬೆಲ್ಟು ಎಲ್ಲ ಬದುಕುವುದು ಅದರ ಮೇಲೆ. ಬೈಕಿನಲ್ಲಿ 100 ಮಿಲಿ ಕಡಿಮೆಯಾದರೆ ಏನೂ ಗೊತ್ತಾಗುವುದಿಲ್ಲ. ಇಲ್ಲಿ 30 ಮಿಲಿ ಕಡಿಮೆಯಾದರೆ ಮೂರರಲ್ಲೊಂದು ಪಾಲು ಹೋದಂತೆ. ಎಣ್ಣೆ ಕಡಿಮೆಯಾಯಿತೆಂದು ಎಚ್ಚರಿಸುವ ದೀಪವಾಗಲಿ, ತಾನಾಗಿ ನಿಲ್ಲುವ ಸ್ವಿಚ್ಚಾಗಲಿ ಇದಕ್ಕಿಲ್ಲ. ಫಿಲ್ಟರ್ ಕೂಡ ಇಲ್ಲದ್ದರಿಂದ ಉರಿಯ ಮಸಿ, ಲೋಹದ ಸವಕಲು ಎಲ್ಲ ಆ ಎಣ್ಣೆಯಲ್ಲೇ ತಿರುಗುತ್ತಿರುತ್ತದೆ.

ಆದ್ದರಿಂದ ನಮ್ಮ ಮನೆಯಲ್ಲಿ ಪೆಟ್ರೋಲು ಹಾಕುವ ಮೊದಲು ಎಣ್ಣೆ ನೋಡುವುದು ಕಡ್ಡಾಯ. ಮಷಿನ್ನನ್ನು ಸಮತಟ್ಟಾದ ಅಂಗಳದಲ್ಲಿಟ್ಟು, ಮುಚ್ಚಳ ತೆಗೆದರೆ ಎಣ್ಣೆ ಬಾಯಿಯ ಅಂಚಿನ ತನಕ ಕಾಣಬೇಕು. ಹೊಸತರಲ್ಲಿ ಮೊದಲ 10 ಗಂಟೆ ಓಡಿದ ಮೇಲೆ ಒಮ್ಮೆ ಬದಲಿಸಬೇಕು, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. 10ಡಬ್ಲ್ಯೂ-30 ಗ್ರೇಡಿನ ಎಣ್ಣೆ, ಒಂದು ಲೀಟರ್ ಡಬ್ಬಿ ತಂದರೆ ಹತ್ತು ಸಲಕ್ಕೆ ಆಯಿತು. ಎಂಜಿನ್ ಸ್ವಲ್ಪ ಬಿಸಿ ಇರುವಾಗ ಮುಚ್ಚಳ ತೆಗೆದು ಪಕ್ಕಕ್ಕೆ ಮಾಲಿಸಿದರೆ ಹಳೆಯದು ಅದೇ ಬಾಯಿಯಿಂದ ಸುರಿಯುತ್ತದೆ. ಜೇನಿನ ಬಣ್ಣದಲ್ಲಿ ಹೋದದ್ದು ಡಿಕಾಕ್ಷನ್ನಿನ ಬಣ್ಣದಲ್ಲಿ ಹೊರಗೆ ಬರುತ್ತದೆ. ಬಿಳಿ ತಟ್ಟೆಗೆ ಸುರಿದು ಬಿಸಿಲಿನಲ್ಲಿ ಹೊರಳಿಸಿದರೆ ಮೊದಲ ಬದಲಾವಣೆಯ ಎಣ್ಣೆಯಲ್ಲಿ ಬೆಳ್ಳಿಯ ಪುಡಿಯಂತೆ ಸಣ್ಣ ಮಿಂಚು ಕಾಣುತ್ತದೆ. ಹೊಸ ಲೋಹ ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಂಡದ್ದರ ಪುಡಿ ಅದು. ಆ 10 ಗಂಟೆಯ ಬದಲಾವಣೆ ಬಿಡಬಾರದು ಎಂದು ನಾನು ಹಟ ಹಿಡಿಯುವುದು ಅದಕ್ಕೇ. ಬಾಯಿ ಮೀರಿ ತುಂಬಿಸುವುದೂ ತಪ್ಪು. ಹೆಚ್ಚಾದ ಎಣ್ಣೆ ಏರ್ ಫಿಲ್ಟರಿಗೆ ಬಂದು ಬಿಳಿ ಹೊಗೆ ಏಳುತ್ತದೆ.

ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ, ಪೆಟ್ರೋಲಿಗೂ ಸ್ವಲ್ಪ ಟೂಟಿ (ಟೂ ಸ್ಟ್ರೋಕಿಗೆ ಕಲಸುವ) ಎಣ್ಣೆ ಹಾಕಿ, ಒಳಗೆ ಜಾರಿಕೆ ಚೆನ್ನಾಗಿರುತ್ತದೆ ಎಂದರು. ಈ ಮಾತು ನಮ್ಮ ಕಡೆ ತುಂಬ ಹಬ್ಬಿದೆ. ದಯವಿಟ್ಟು ಕೇಳಬೇಡಿ. ಈ ಎಂಜಿನ್ನಿನಲ್ಲಿ ಪೆಟ್ರೋಲು ಕ್ರ್ಯಾಂಕಿನ ಹತ್ತಿರ ಹೋಗುವುದೇ ಇಲ್ಲ. ಕಲಸಿದ ಎಣ್ಣೆ ಜಾರಿಕೆಗೆ ಸಿಗದೆ, ಉರಿದು ಪ್ಲಗ್ಗಿನ ಮೇಲೆ, ಹೊಗೆಯ ವಾಲ್ವಿನ ಮೇಲೆ ಮಸಿಯಾಗಿ ಕೂರುತ್ತದೆ. ಈ ವಾಲ್ವುಗಳಿಗೆ ಬಿಟ್ಟಿರುವ ಸಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು. ಮಸಿ ಕಟ್ಟಿ ವಾಲ್ವ್ ಸರಿಯಾಗಿ ಮುಚ್ಚದೇ ಹೋದರೆ ಒತ್ತಡವೇ ಹುಟ್ಟದು, ಸ್ಟಾರ್ಟ್ ಮಾಡುವ ಹಗ್ಗ ಎಳೆದು ಎಳೆದು ಹೆಗಲು ಬಿದ್ದುಹೋಗುತ್ತದೆ.

ಕಿಡಿಯ ಏರ್ಪಾಡು ಬಹಳ ಸರಳ, ಅದಕ್ಕೇ ಅದು ಕೆಡುವುದೂ ಕಡಿಮೆ. ಬ್ಯಾಟರಿ ಇಲ್ಲ. ಫ್ಲೈವೀಲಿನಲ್ಲಿ ಹುದುಗಿಸಿಟ್ಟ ಅಯಸ್ಕಾಂತ ಕಾಯಿಲಿನ ಮುಂದೆ ಹಾದುಹೋದಾಗ ವಿದ್ಯುತ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಫ್ಲೈವೀಲ್ ಪ್ರತಿ ಸುತ್ತಿಗೂ ಕಿಡಿ ಕೊಡುತ್ತದೆ, ಆದರೆ ಒಂದು ಬಿಟ್ಟು ಒಂದು ಕಿಡಿ ಹೊಗೆ ಹೊರಗೆ ಹೋಗುವ ಹೊತ್ತಿಗೆ ಬಿದ್ದು ವ್ಯರ್ಥವಾಗುತ್ತದೆ, ಅದರಿಂದ ತೊಂದರೆಯೇನಿಲ್ಲ. ಇದೇ ಫ್ಲೈವೀಲಿನ ರೆಕ್ಕೆಗಳು ಸಿಲಿಂಡರಿಗೆ ಗಾಳಿ ಬೀಸುವ ಫ್ಯಾನು ಕೂಡ. ಮಳೆಯಲ್ಲಿ ಹೊಡೆದ ಹಸಿ ಹುಲ್ಲಿನ ಚೂರು ಕವರಿನ ಸಂದಿಗೆ ಮೆತ್ತಿ ಒಣಗಿದರೆ ಆ ಗಾಳಿ ನಿಲ್ಲುತ್ತದೆ, ಎಂಜಿನ್ ಬಿಸಿಯೇರುತ್ತದೆ, ಇರುವ ಚೂರು ಎಣ್ಣೆ ಬೇಗ ಸುಡುತ್ತದೆ. ಸಂಜೆ ಹಳೆಯ ಬ್ರಷ್ಷಿನಲ್ಲಿ ಆ ಸಂದಿ ಕೆರೆದು ತೆಗೆಯುವುದು ಎಣ್ಣೆ ಬದಲಿಸಿದಷ್ಟೇ ಮುಖ್ಯ.

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನ ಕಡೆಯಿಂದ ಬರುವ ಕಿರಿಕಿರಿಗೆ ಮುಖ್ಯ ಕಾರಣ ಪೆಟ್ರೋಲು. ಇದರಲ್ಲಿ ತೇಲುವ ಬುರುಡೆ ಇಲ್ಲ, ತೆಳ್ಳನೆಯ ರಬ್ಬರಿನ ಪೊರೆ ಇದೆ. ಎಂಜಿನ್ನಿನ ಗಾಳಿಯ ಒತ್ತಡ ಏರಿಳಿದ ಹಾಗೆ ಆ ಪೊರೆ ಮಿಡಿದು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಹೇಗೆ ಹಿಡಿದರೂ ಪೆಟ್ರೋಲು ನಿಲ್ಲುವುದಿಲ್ಲ. ಕೆಳಗಿರುವ ರಬ್ಬರ್ ಗುಳ್ಳೆಯನ್ನು ಒತ್ತಿದರೆ ಎಂಜಿನ್ನಿನ ಒಳಗೆ ಪೆಟ್ರೋಲು ಹೋಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಮಾಡುವುದು ಕಾರ್ಬ್ಯುರೇಟರಿನ ಗಾಳಿ ತೆಗೆದು ಪೆಟ್ರೋಲು ತುಂಬಿಸುವ ಕೆಲಸ, ಹೆಚ್ಚಾದದ್ದು ಟ್ಯಾಂಕಿಗೇ ವಾಪಸ್ಸು. ಹತ್ತು ಸಲ ಒತ್ತಿದರೂ ಎಂಜಿನ್ ತೊಯ್ಯುವುದಿಲ್ಲ. ತೊಯ್ಯುವುದು ಚೋಕ್ ಹಾಕಿಕೊಂಡೇ ಹಗ್ಗ ಎಳೆಯುತ್ತಿದ್ದರೆ.

ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ನನ್ನ ಎಂಜಿನ್ನಿನ ಪುಸ್ತಕ ಹೇಳುವ ಮಿತಿ ಶೇ 10. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ರಬ್ಬರಿನ ಪೊರೆ, ಗುಳ್ಳೆ, ಪೈಪುಗಳಿಗೂ ಅದು ಒಳ್ಳೆಯದಲ್ಲ. ಹಾಗಾಗಿ ವಾರಕ್ಕೆ ಬೇಕಾದಷ್ಟೇ ತರುತ್ತೇನೆ, ಕೆಲಸವಿಲ್ಲದ ದಿನಗಳಲ್ಲಿ ಟ್ಯಾಂಕಿನಲ್ಲಿ ಬಿಡುವುದಿಲ್ಲ. ಟ್ಯಾಂಕು ಹಿಡಿಯುವುದು ಮುಕ್ಕಾಲು ಲೀಟರಿಗಿಂತ ಕಡಿಮೆ, ಪೂರ್ತಿ ರೇಸಿನಲ್ಲಿ ಗಂಟೆಯೊಳಗೆ ಖಾಲಿ, ಹದವಾಗಿ ಓಡಿಸಿದರೆ ಗಂಟೆ ದಾಟುತ್ತದೆ.

ಸೀಸನ್ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಗುಳ್ಳೆ ಒತ್ತಿ ಉಳಿದದ್ದನ್ನೂ ತೆಗೆದು, ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಆಮೇಲೆ ಹಗ್ಗವನ್ನು ನಿಧಾನ ಎಳೆಯುತ್ತ ಹೋದರೆ ಒಂದು ಕಡೆ ಕೈಗೆ ಬಿಗಿ ಸಿಗುತ್ತದೆ. ಪಿಸ್ಟನ್ ಮೇಲೇರುತ್ತಿದೆ, ಎರಡೂ ವಾಲ್ವ್ ಮುಚ್ಚಿವೆ ಎಂದರ್ಥ. ಅಲ್ಲೇ ನಿಲ್ಲಿಸಿ ಹಗ್ಗ ಬಿಟ್ಟರೆ ಹೊರಗಿನ ಥಂಡಿ ಸಿಲಿಂಡರಿಗೆ ಇಳಿಯುವ ದಾರಿ ಬಂದ್. ತುಕ್ಕು ಹಿಡಿಯುವ ನಮ್ಮ ಊರುಗಳಲ್ಲಿ ಈ ಒಂದು ಎಳೆತಕ್ಕೆ ತುಂಬ ಬೆಲೆಯಿದೆ.

ಎಂಜಿನ್ನಿನಿಂದ ಆಚೆಗಿನ ಸಾಮಾನಿನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಎಂಜಿನ್ ಮತ್ತು ಪೈಪಿನ ನಡುವೆ ಕ್ಲಚ್ಚು ಇದೆ. ರೇಸು ಕಡಿಮೆಯಿದ್ದಾಗ ಸ್ಪ್ರಿಂಗು ಅದರ ಎರಡು ಶೂಗಳನ್ನು ಒಳಗೆ ಹಿಡಿದಿರುತ್ತದೆ, ರೇಸು ಏರಿದಾಗ ಅವು ಹೊರಕ್ಕೆ ಚಾಚಿ ಡ್ರಮ್ಮನ್ನು ಹಿಡಿಯುತ್ತವೆ, ಬ್ಲೇಡು ತಿರುಗುತ್ತದೆ. ಬಳ್ಳಿ ಸುತ್ತಿ ಬ್ಲೇಡು ನಿಂತಾಗ ರೇಸು ಕೊಡುತ್ತಲೇ ಇದ್ದರೆ ಶೂ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ಕೂಡಲೇ ಕೈ ಬಿಟ್ಟು, ಎಂಜಿನ್ ನಿಲ್ಲಿಸಿಯೇ ಬಳ್ಳಿ ಬಿಡಿಸಬೇಕು. ಗೇರ್ ಹೆಡ್ ಕೊಟ್ಟ ಕಂಪನಿ ಅದಕ್ಕೆ ಸಾಕಷ್ಟು ಗ್ರೀಸನ್ನೇ ತುಂಬಿರಲಿಲ್ಲ, ಎರಡನೇ ಮಳೆಗಾಲಕ್ಕೆ ಬೇರಿಂಗ್ ಕೂಗತೊಡಗಿತು. ಹೊಸತು ತಂದ ದಿನವೇ ಅದರ ಬದಿಯ ಬೋಲ್ಟು ಬಿಚ್ಚಿ ಗ್ರೀಸು ಇದೆಯೇ ನೋಡಿ. ಹೆಗಲ ಪಟ್ಟಿಯೂ ತೀರಾ ಕಳಪೆ, ಅಗಲವಾದ ಜೋಡಿ ಪಟ್ಟಿ ಬೇರೆ ಕೊಂಡೆವು. ಎಂಜಿನ್ನೊಂದೇ ಮೂರೂಕಾಲು ಕಿಲೋ ದಾಟುತ್ತದೆ, ಅಷ್ಟೇ ಜೋರಿನ ಟೂ ಸ್ಟ್ರೋಕಿಗಿಂತ ಭಾರ. ಇಳಿವಯಸ್ಸಿನವರು ಕೊಳ್ಳುವ ಮೊದಲು ಹೆಗಲಿಗೆ ಹಾಕಿಕೊಂಡು ನಿಂತು ನೋಡಲಿ.

ಅಂಗಳದ ಲಾನ್ ಮೂವರ್ ಇರುವವರಿಗೆ ಒಂದು ಮಾತು. ಅದರ ಎಂಜಿನ್ನೂ ಫೋರ್ ಸ್ಟ್ರೋಕೇ, ಕ್ರ್ಯಾಂಕು ನೆಟ್ಟಗೆ ನಿಂತಿರುತ್ತದೆ ಅಷ್ಟೆ. ಆದರೆ ಮಾಮೂಲಿ ಮೂವರಿಗೆ ಈ ಮಂಜಿನ ಏರ್ಪಾಡಿಲ್ಲ, ಎಣ್ಣೆ ತಳದಲ್ಲಿ ನಿಂತು ಸಿಡಿದು ಹರಡುತ್ತದೆ. ಬ್ಲೇಡು ತೊಳೆಯಲು ಅದನ್ನು ಮಗುಚುವಾಗ ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವ ಹಾಗೆಯೇ ಮಾಲಿಸಬೇಕು, ಪ್ಲಗ್ಗಿನ ವಯರು ಮೊದಲೇ ಕಿತ್ತಿಟ್ಟಿರಬೇಕು.

ಬಿಡಿಭಾಗ ಸಿಗುವುದಕ್ಕೆ ತೊಂದರೆಯಿಲ್ಲ. ಪೇಟೆಯಲ್ಲಿ 139ಎಫ್ ಎಂಬ ಹೆಸರಿನ ಸಾಮಾನೂ ಸಿಗುತ್ತದೆ. ಅದು ಇದೇ ಮಾದರಿಯ ಚೀನಾ ಎಂಜಿನ್ನಿನ ಗುರುತು, ಒಂದು ಸಿಲಿಂಡರ್, 39 ಮಿಲಿಮೀಟರ್ ಪಿಸ್ಟನ್, ಗಾಳಿಯಿಂದ ತಂಪಾಗುವುದು ಎಂದು ಅದರರ್ಥ. ನೋಡಲು ಒಂದೇ ಥರ, ಬೆಲೆಯೂ ಕಡಿಮೆ. ಹೊರಗಿನ ಕವರು, ಹಗ್ಗದಂಥವಕ್ಕೆ ಅಡ್ಡಿಯಿಲ್ಲ. ವಾಲ್ವು, ಬೆಲ್ಟು, ಕಾರ್ಬ್ಯುರೇಟರಿನ ಪೊರೆಗೆ ನಾನು ಕಂಪನಿಯದನ್ನೇ ಕೇಳುತ್ತೇನೆ. ಒಂದು ಪ್ಲಗ್ಗು, ಒಂದು ಫಿಲ್ಟರ್ ಸ್ಪಂಜು ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ. ಮಳೆ ಹೊಳವಾದ ಆಷಾಢದ ದಿನ ಅಷ್ಟಕ್ಕಾಗಿ ಪೇಟೆಗೆ ಹೋಗಿ ಬಂದರೆ ಆಳುಗಳ ಅರ್ಧ ದಿನದ ಕೆಲಸ ಹಾಳು.