ಗ್ಯಾಸ್ ತುಂಬಿಸದೆ ಹೋದ ಮೆಕ್ಯಾನಿಕ್

ಹಾಸನದ ಮನೆಗೆ ಎಸಿ ಹಾಕಿಸಿದ್ದೇವೆ ಎಂದರೆ ಜನ ಇವತ್ತಿಗೂ ಒಮ್ಮೆ ಮುಖ ನೋಡುತ್ತಾರೆ. ‘ಬಡವರ ಊಟಿ’ ಎಂಬ ಹಳೆಯ ಹೆಸರಿನ ಪ್ರಭಾವ ಅದು. ಅಂಥವರು ವಿದ್ಯಾನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕುಳಿತು ನೋಡಲಿ. ಪಡುವಣ ಗೋಡೆಗೂ ಬಿಸಿಲು, ತಾರಸಿಗೂ ಬಿಸಿಲು.

ಮಳೆಗಾಲದಿಂದ ಚಳಿಗಾಲದವರೆಗೆ ಎಸಿಗೆ ಕೆಲಸವಿರುವುದಿಲ್ಲ. ಈ ಸಲ ಫೆಬ್ರವರಿ ಕೊನೆಗೆ ಹಾಕಿದಾಗ ಗಾಳಿ ತಣ್ಣಗೇ ಬಂತು, ಆದರೆ ಒಳಗಿನ ಯೂನಿಟ್‌ನಿಂದ ನೀರು ಇಳಿದು ಗೋಡೆಯ ಬಣ್ಣ ಉಬ್ಬಿತು. ಕಂಪನಿಯ ಕಡೆಯಿಂದ ಬಂದವನು ಕೋಣೆಯಲ್ಲೇ ನಿಂತು ರಿಮೋಟ್ ಒತ್ತಿ ನೋಡಿ, “ಗ್ಯಾಸ್ ಕಡಿಮೆಯಾಗಿದೆ, ಮೂರು ಸಾವಿರ ಆಗುತ್ತದೆ” ಎಂದ. ಹೊರಗಿನ ಯೂನಿಟ್ ಇರುವುದು ತಾರಸಿಯಲ್ಲಿ. ಮಹಾಶಯ ಮೆಟ್ಟಿಲು ಹತ್ತಲೇ ಇಲ್ಲ. ಅವನನ್ನು ಸಾಗಹಾಕಿ ಸಂತೇಪೇಟೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಹೇಳಿದೆ.

ಬೆಳಿಗ್ಗೆ ಹತ್ತಕ್ಕೆ ಎಂದವರು ಬಂದದ್ದು ನಮ್ಮ ಊಟ ಮುಗಿದ ಮೇಲೆ, ಅದೂ ಒಂದು ಫೋನ್ ಕೂಡ ಮಾಡದೆ. ಬಂದ ಮೇಲಿನ ಕೆಲಸಕ್ಕೆ ಮಾತ್ರ ಎರಡು ಮಾತಿಲ್ಲ. ಹಿರಿಯ ಮೆಕ್ಯಾನಿಕ್ ನೇರವಾಗಿ ತಾರಸಿಗೆ ಹೋದರು. ಎಸಿ ಸ್ವಲ್ಪ ಹೊತ್ತು ಓಡಿದ ಮೇಲೆ ನನ್ನನ್ನೂ ಕರೆದು ತಾಮ್ರದ ಪೈಪುಗಳನ್ನು ತೋರಿಸಿದರು. “ಗ್ಯಾಸ್ ಕಡಿಮೆಯಿದ್ದರೆ ಈ ಸಣ್ಣ ಪೈಪಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ ಮೇಡಂ. ಇಲ್ಲಿ ಬರೀ ನೀರಿನ ಹನಿ.” ಅಷ್ಟಕ್ಕೇ ಬಿಡದೆ ಗೇಜ್ ಹಾಕಿ ಒತ್ತಡವನ್ನೂ ಕ್ಲ್ಯಾಂಪ್ ಮೀಟರ್ ಹಿಡಿದು ಕರೆಂಟನ್ನೂ ನೋಡಿದರು. ಎರಡೂ ಸರಿಯಾಗಿದ್ದವು. ಓಡಿಸಿದಷ್ಟೂ ಮುಗಿಯಲು ಅದೇನು ಪೆಟ್ರೋಲ್ ಅಲ್ಲ. ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆ ತುಂಬಿಸುವುದು ದಂಡ.

ಹಾಗಾದರೆ ನೀರು? ಹಿತ್ತಿಲಿಗೆ ಇಳಿಬಿಟ್ಟಿದ್ದ ಡ್ರೈನ್ ಪೈಪಿನ ಬಾಯೊಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು! ತಂತಿ ತೂರಿಸಿ ಎಳೆದಾಗ ಮಣ್ಣಿನ ಹೆಂಟೆ ಒಡೆದು, ಮರಿಗಳಿಗೆಂದು ಕೂಡಿಟ್ಟಿದ್ದ ಜೇಡಗಳು ಅಂಗೈ ಮೇಲೆ ಉದುರಿದವು. ಹಿಂದೆಯೇ ಲೋಳೆ ಲೋಳೆ ಕಪ್ಪು ನೀರು. ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದರು. ಆಮೇಲೆ ಹೊರಗಿನ ಯೂನಿಟ್‌ಗೆ ಪಂಪಿನಿಂದ ನೀರು ಹಾಯಿಸಿದಾಗ ಬಂದ ಬಗ್ಗಡ, ಪಕ್ಕದ ಮನೆಯ ಸಿಲ್ವರ್ ಓಕ್ ಎಲೆಗಳು, ಇವೆಲ್ಲವನ್ನೂ ನೋಡಿದರೆ ಅದು ಇಷ್ಟು ದಿನ ಉಸಿರಾಡಿದ್ದೇ ಹೆಚ್ಚು.

ಫಿಲ್ಟರನ್ನು ಎರಡು ವಾರಕ್ಕೊಮ್ಮೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಲು ಹೇಳಿದರು. ಇನ್ನೊಂದು ಮಾತು ನನ್ನ ಯಜಮಾನರಿಗೆ: 18ಕ್ಕೆ ಇಳಿಸಿದರೆ ಕೋಣೆ ಬೇಗ ತಣ್ಣಗಾಗುವುದಿಲ್ಲ, ನಮ್ಮದರಂತಹ ಇನ್ವರ್ಟರ್ ಅಲ್ಲದ, ಅಂದರೆ ಒಂದೇ ವೇಗದಲ್ಲಿ ಓಡುವ ಎಸಿಯಲ್ಲಿ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ ಅಷ್ಟೇ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಹಾಕಿದೊಡನೆ 24 ಡಿಗ್ರಿಗೆ ನಿಲ್ಲುವಂತೆ ಬರಬೇಕೆಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಯಜಮಾನರು ತಲೆಯಾಡಿಸಿದರು, ರಿಮೋಟ್ ಈಗ ನನ್ನ ಬಳಿ ಇದೆ.

ಒಟ್ಟು 700 ರೂಪಾಯಿ ತೆಗೆದುಕೊಂಡರು. ತಾರಸಿಯ ರಾಡಿಯನ್ನು ಮಾತ್ರ ನಾವೇ ತೊಳೆಯಬೇಕಾಯಿತು. ಬಿಲ್ ಕೇಳಿದ್ದಕ್ಕೆ ಅಂಗಡಿಗೆ ಬನ್ನಿ ಎಂದರು, ಹೋದರೆ ಪುಸ್ತಕ ಮುಗಿದಿದೆ ಎಂದರು. ಕರೆಸುವವರು ಯುಗಾದಿಗೆ ಮೊದಲೇ ಹೇಳಿಡಿ, ಆಮೇಲೆ ಇವರು ಕೈಗೆ ಸಿಗುವುದಿಲ್ಲ. ದುಡ್ಡು ಕೊಡುವ ಮೊದಲು ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ.