ಹಳೇ ಗಾಲ್ಫ್ ಡ್ರೈವರನ್ನು ಎರಡು ವರ್ಷ ಬಿಡದೆ ಇಟ್ಟುಕೊಂಡಿದ್ದು ಯಾಕೆ, ಕೊನೆಗೆ ಬದಲಿಸಿದ್ದು ಯಾಕೆ

ಪಿಂಗ್ ಕಂಪನಿಯ ಜಿ430 ಮ್ಯಾಕ್ಸ್ 10ಕೆ ಡ್ರೈವರ್ ತಗೊಂಡು ಏಳು ತಿಂಗಳಾಯಿತು. ಚೆನ್ನಾಗಿದೆ, ಕೆಳಗೆ ವಿವರವಾಗಿ ಬರೆದಿದ್ದೇನೆ. ಆದರೆ "ನಾವೂ ತಗೋಬಹುದಾ?" ಅಂತ ಕೇಳುವ ಗೆಳೆಯರಿಗೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ನಿಮ್ಮ ಕೈಯಲ್ಲಿರುವ ಡ್ರೈವರ್‌ಗೆ ಏನಾಗಿದೆ? ಹೆಚ್ಚಿನವರು "ಹಳೇದಾಯ್ತಲ್ಲ" ಅಂತಾರೆ. ಹಳೇದಾಗಿದ್ದು ಕಾರಣ ಅಲ್ಲ. ನಾನೂ ಎರಡು ವರ್ಷದ ಹಿಂದೆ ಅದನ್ನೇ ಹೇಳುತ್ತಿದ್ದೆ, ಆಗಲೇ ದುಡ್ಡು ಹಾಕಿದ್ದರೆ ಅದು ದಂಡವಾಗುತ್ತಿತ್ತು.

ಗಾಲ್ಫ್ ಆಡದವರಿಗೆ ಒಂದು ಮಾತು. ಡ್ರೈವರ್ ಅಂದರೆ ಚೀಲದಲ್ಲಿರುವ ಎಲ್ಲಕ್ಕಿಂತ ಉದ್ದದ, ದೊಡ್ಡ ತಲೆಯ ಕ್ಲಬ್. ಚೆಂಡು ಬೀಳಿಸಬೇಕಾದ ರಂಧ್ರ ದೂರ ಇದ್ದರೆ ಮೊದಲ ಹೊಡೆತ ಅದರದ್ದು. ಒಳ್ಳೆಯದು ಹೊಸದಾಗಿ ಕೊಂಡರೆ ಅರ್ಧ ಲಕ್ಷದ ಆಸುಪಾಸು ಬೀಳುತ್ತದೆ, ಹಾಗಾಗಿ ಸುಮ್ನೆ ಬದಲಿಸುವ ವಸ್ತು ಅಲ್ಲ.

ನಾನು ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್ ನಡೆಸುತ್ತೇನೆ. ವ್ಯಾಪಾರಕ್ಕೆ ಹೈದರಾಬಾದ್‌ಗೆ ಹೋಗಿಬರುವುದು ಇದ್ದೇ ಇರುತ್ತದೆ. ಹದಿನೈದು ವರ್ಷದ ಹಿಂದೆ ಅಲ್ಲಿನ ಗೆಳೆಯರೊಬ್ಬರು ಗೋಲ್ಕೊಂಡ ಕೋಟೆಯ ನಯಾ ಕಿಲಾ ಕಡೆಯ ಗಾಲ್ಫ್ ಕೋರ್ಸ್‌ಗೆ ಕರೆದುಕೊಂಡು ಹೋದರು. ಹಳೇ ಗೋಡೆ, ಬಂಡೆ, ಮಧ್ಯೆ ಹಸಿರು ಹುಲ್ಲು. ಅವತ್ತಿನಿಂದ ಬಿಟ್ಟಿಲ್ಲ. ತಿಂಗಳಿಗೆ ಎರಡು ಸಲ ಅಲ್ಲಿ ಆಡುತ್ತೇನೆ, ಉಳಿದ ದಿನ ಮಿಲ್ ಹಿಂದಿನ ಅಂಗಳದಲ್ಲಿ ಬಲೆ ಕಟ್ಟಿಕೊಂಡು ಅದರೊಳಗೆ ಹೊಡೆಯುತ್ತೇನೆ. ಹೊಸ ತೊಗರಿ ಬಂದಾಗ ಮಾತ್ರ ಕ್ಲಬ್ ಮುಟ್ಟುವುದಕ್ಕೂ ಪುರಸೊತ್ತು ಸಿಗುವುದಿಲ್ಲ.

ಹಳೇ ಡ್ರೈವರ್ 2009ರ ಮಾಡೆಲ್. 460 ಸಿಸಿ ತಲೆ, 10.5 ಡಿಗ್ರಿ ಲಾಫ್ಟ್ (ಚೆಂಡನ್ನು ಮೇಲೆತ್ತುವ ಓರೆ), ಸ್ಟಿಫ್ ಅಂದರೆ ಕಮ್ಮಿ ಬಾಗುವ ಶಾಫ್ಟ್ (ಕ್ಲಬ್‌ನ ಉದ್ದ ಕೋಲು). ಕೊಂಡಾಗ ನನಗೆ 41 ವರ್ಷ, ಈಗ 56. ಈ ಎರಡು ಸಂಖ್ಯೆಗಳ ನಡುವೆ ಏನೇನು ಬದಲಾಗಿದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಚೆಂಡು ಮೊದಲಿನಷ್ಟು ದೂರ ಹೋಗುತ್ತಿಲ್ಲ ಅನಿಸಿದಾಗ ಬೈದಿದ್ದು ಡ್ರೈವರ್‌ಗೆ.

ಮೊದಲು ಹೋದ ಅಂಗಡಿಯಲ್ಲಿ ನನ್ನ ಡ್ರೈವರನ್ನು ಕವರ್‌ನಿಂದ ಹೊರಗೂ ತೆಗೆಸಲಿಲ್ಲ. "ಇಷ್ಟು ಹಳೇದಾ? ಬಿಡಿ ಸರ್" ಅಂದು ನೇರವಾಗಿ ಹೊಸ ಡಬ್ಬಿ ತೆರೆದರು. ಬೇಜಾರಾಯಿತು. ನಮ್ಮ ಮಿಲ್‌ಗೆ ಬರುವ ಮೆಕ್ಯಾನಿಕ್ ಯಂತ್ರ ಓಡಿಸಿ ನೋಡದೆ "ಬದಲಿಸಿ" ಅಂದರೆ ನಾನು ಅವನಿಗೆ ಒಂದು ರೂಪಾಯಿ ಕೊಡಲ್ಲ. ಎರಡನೇ ಜಾಗ ಫಿಟ್ಟಿಂಗ್ ಸ್ಟುಡಿಯೋ, ಹೊಡೆತ ಅಳೆದು ಕ್ಲಬ್ ಹೊಂದಿಸಿಕೊಡುವ ಜಾಗ. ಅಲ್ಲಿನ ಹುಡುಗ ಮೊದಲು ಕೇಳಿದ್ದು, "ಸರ್, ನಿಮ್ಮದರಲ್ಲೇ ಹತ್ತು ಹೊಡೀರಿ." ಆ ಒಂದು ಮಾತಿಗೇ ಅವನ ಮೇಲೆ ನಂಬಿಕೆ ಬಂತು.

ಚೆಂಡಿನ ವೇಗ ಅಳೆಯುವ ಯಂತ್ರದ ಮುಂದೆ ಹೊಡೆದೆ. ನನ್ನ ಸ್ವಿಂಗ್ ವೇಗ ಗಂಟೆಗೆ 86 ಮೈಲಿ, ನಡುಮಧ್ಯಕ್ಕೆ ಸಿಕ್ಕಾಗ ಚೆಂಡಿನ ವೇಗ 124. ಭಾಗಿಸಿದರೆ 1.44. ಡ್ರೈವರ್‌ನಲ್ಲಿ ಇದು ಸುಮಾರು 1.5ರ ಹತ್ತಿರಕ್ಕೆ ನಿಂತುಬಿಡುತ್ತದೆ, ಅದಕ್ಕಿಂತ ಜಾಸ್ತಿ ಎಳೆಯಲು ಆಗಲ್ಲ. ಆಮೇಲೆ ಆ ವರ್ಷದ ಮೂರು ಹೊಸ ಡ್ರೈವರ್ ಕೊಟ್ಟ. ನಡುಮಧ್ಯಕ್ಕೆ ಸಿಕ್ಕ ಹೊಡೆತದಲ್ಲಿ ಅವು ಕೊಟ್ಟಿದ್ದು 125, 126. ದೂರದಲ್ಲಿ ಮೂರ್ನಾಲ್ಕು ಯಾರ್ಡ್ ವ್ಯತ್ಯಾಸ, ಅಷ್ಟೇ.

ಯಾಕೆ ಇಷ್ಟು ಕಮ್ಮಿ? ನಿಯಮ. ಗಾಲ್ಫ್ ನಿಯಮ ಮಾಡುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಡ್ರೈವರ್ ತಲೆಯನ್ನು 460 ಸಿಸಿಗೆ ನಿಲ್ಲಿಸಿದ್ದು 2004ರಲ್ಲಿ. ಫೇಸ್, ಅಂದರೆ ಚೆಂಡಿಗೆ ತಗುಲುವ ಮುಖ, ಎಷ್ಟು ಸ್ಪ್ರಿಂಗ್ ಆಗಬಹುದು ಅನ್ನುವುದಕ್ಕೂ ಮಿತಿ ಇದೆ. ಒಂದು ಲೋಲಕದಿಂದ ಫೇಸ್‌ಗೆ ಬಡಿದು, ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಅಂತ ಅಳೆಯುತ್ತಾರೆ. 239 ಮೈಕ್ರೋಸೆಕೆಂಡ್, ಮೇಲೆ 18ರ ರಿಯಾಯಿತಿ, ಒಟ್ಟು 257. 2009ರ ಒಳ್ಳೆಯ ಡ್ರೈವರ್‌ಗಳು ಆಗಲೇ ಈ ಗೋಡೆಯ ಹತ್ತಿರ ಬಂದು ನಿಂತಿದ್ದವು. ಹಾಗಾಗಿ ಪ್ರತಿ ವರ್ಷ "ಹತ್ತು ಯಾರ್ಡ್ ಹೆಚ್ಚು" ಅನ್ನುವ ಜಾಹೀರಾತನ್ನು ಕೂಡಿಸುತ್ತ ಹೋದರೆ ಲೆಕ್ಕ ಹೊಂದುವುದಿಲ್ಲ. ನಡುಮಧ್ಯದ ಹೊಡೆತಕ್ಕೆ ನಿಮ್ಮ ಹಳೇದೂ ಹೊಸದೂ ಹತ್ತಿರ ಹತ್ತಿರ.

ವ್ಯತ್ಯಾಸ ಇರುವುದು ತಪ್ಪು ಹೊಡೆತದಲ್ಲಿ. ಫೇಸ್‌ನ ತುದಿಗೆ ಅಥವಾ ಹಿಮ್ಮಡಿ ಕಡೆಗೆ (ಶಾಫ್ಟ್‌ಗೆ ಹತ್ತಿರದ ಬದಿಗೆ) ತಗುಲಿದಾಗ ತಲೆ ತಿರುಚಿಕೊಳ್ಳುತ್ತದೆ, ವೇಗ ಸೋರಿಹೋಗುತ್ತದೆ. ಹಾಗೆ ತಿರುಚದಂತೆ ತಡೆಯುವ ಗುಣಕ್ಕೆ ಎಂಒಐ ಅಂತಾರೆ, ಹೊಸ ಡ್ರೈವರ್‌ಗಳಲ್ಲಿ ಅದು ಬಹಳ ಏರಿದೆ. ಹಾಗಾದರೆ ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕಾದ್ದು, ನಾನು ಎಲ್ಲಿ ತಗುಲಿಸುತ್ತೇನೆ ಅಂತ. ಅದಕ್ಕೆ ಸ್ಟುಡಿಯೋನೂ ಬೇಡ. ಮೈಗೆ ಹಾಕುವ ಪೌಡರನ್ನು ಫೇಸ್ ಮೇಲೆ ತೆಳ್ಳಗೆ ಉದುರಿಸಿ ಹೊಡೆಯಿರಿ, ಚೆಂಡು ತಗುಲಿದ ಜಾಗ ದುಂಡಗೆ ಕಾಣುತ್ತದೆ. ನಾನು ಬಲೆಯೊಳಗೆ ಒಂದು ವಾರ ಇದನ್ನೇ ಮಾಡಿದೆ. ಇಪ್ಪತ್ತರಲ್ಲಿ ಹದಿಮೂರು ಗುರುತು ಹಿಮ್ಮಡಿ ಕಡೆಗಿದ್ದವು, ಅದೂ ಒಂದೇ ಜಾಗದಲ್ಲಿ. ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಅದು ನಿಂತುಕೊಳ್ಳುವ ರೀತಿಯ ತಪ್ಪು. ಚೆಂಡಿನಿಂದ ಒಂದಿಷ್ಟು ಹಿಂದೆ ಸರಿದು ನಿಂತೆ, ಗುರುತು ನಡುವಿನ ಕಡೆ ಬಂತು. ಖರ್ಚು ಒಂದು ಪೌಡರ್ ಡಬ್ಬಿ.

ಮುಂದಿನದು ಗ್ರಿಪ್, ಕೈಯಲ್ಲಿ ಹಿಡಿಯುವ ರಬ್ಬರ್ ಹಿಡಿಕೆ. ಇದನ್ನು ಯಾಕೋ ಎಲ್ಲರೂ ಮರೆಯುತ್ತಾರೆ. ನನ್ನ ಗ್ರಿಪ್ ಆರು ವರ್ಷದ್ದು, ರಬ್ಬರ್ ಒಣಗಿ ಹೊಳೆಯುತ್ತಿತ್ತು. ಜಾರಬಾರದು ಅಂತ ನಾನು ಬಿಗಿಯಾಗಿ ಹಿಡಿಯುತ್ತಿದ್ದೆ, ಬಿಗಿಯಾಗಿ ಹಿಡಿದರೆ ಮಣಿಕಟ್ಟು ಆಡುವುದಿಲ್ಲ, ಮಣಿಕಟ್ಟು ಆಡದಿದ್ದರೆ ವೇಗ ಬರುವುದಿಲ್ಲ. ನಮ್ಮ ಊರಿನ ಬಿಸಿಲಿಗೆ, ಬೆವರಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ ನಲವತ್ತು ರೌಂಡ್‌ಗೊಮ್ಮೆ ಬದಲಿಸಿ ಅಂತಾರೆ, ಕಲಬುರಗಿಯಲ್ಲಿ ಇರುವವರು ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಆಮೇಲೆ ಶಾಫ್ಟ್. 41ರಲ್ಲಿ ನನಗೆ ಸ್ಟಿಫ್ ಸರಿಯಿತ್ತು. 86 ಮೈಲಿ ವೇಗಕ್ಕೆ ರೆಗ್ಯುಲರ್, ಅಂದರೆ ಇನ್ನಷ್ಟು ಬಾಗುವ ಶಾಫ್ಟ್, ಹೊಂದುತ್ತದೆ ಅಂತ ಆ ಹುಡುಗ ಹೇಳಿದ, ಅಲ್ಲೇ ಪ್ರಯತ್ನಿಸಿ ತೋರಿಸಿದ. ಹಾಕಿಸಿದೆ. ಹಳೇ ಶಾಫ್ಟ್ ತೆಗೆಯಲು ಅವನು ತಲೆಯ ಕುತ್ತಿಗೆಗೆ ಬಿಸಿ ಗಾಳಿಯ ಗನ್ ಹಿಡಿದ. ಒಳಗಿನ ಎಪಾಕ್ಸಿ ಅಂಟು ಮೆತ್ತಗಾಗಿ ಶಾಫ್ಟ್ ಸಲೀಸಾಗಿ ಈಚೆ ಬಂತು. ಅದನ್ನು ನೋಡುತ್ತಿದ್ದಂತೆ ನನಗೆ ನನ್ನ ಕಾರಿನ ಡಿಕ್ಕಿ ನೆನಪಾಯಿತು. ಮೇ ತಿಂಗಳಲ್ಲಿ ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದ್‌ಗೆ ಹೋಗಿಬಂದು ಚೀಲವನ್ನು ಡಿಕ್ಕಿಯಲ್ಲೇ ಬಿಡುವುದು ನನ್ನ ಅಭ್ಯಾಸ. ಹೊರಗೆ 43 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಇನ್ನೂ ಎಷ್ಟೋ ಜಾಸ್ತಿ. ಗನ್ನಿನಷ್ಟು ಬಿಸಿ ಖಂಡಿತ ಆಗಲ್ಲ. ಆದರೆ ವರ್ಷ ವರ್ಷ ಹಾಗೇ ಕಾದರೆ ಅಂಟು ಸೊರಗುತ್ತದೆ, ಗ್ರಿಪ್ ಕೆಳಗಿನ ಟೇಪ್ ಜಾರುತ್ತದೆ, ತಲೆಯೊಳಗೆ ಅಂಟಿನ ಚೂರು ಬಿಟ್ಟುಕೊಂಡು ಗಿಲಿಗಿಲಿ ಅನ್ನುತ್ತದೆ. ಆ ಗಿಲಿಗಿಲಿ ಕೇಳಿ ಡ್ರೈವರ್ ಹಾಳಾಯ್ತು ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಅದು ಚಿಕ್ಕ ರಿಪೇರಿ. ಚೀಲವನ್ನು ಮಾತ್ರ ದಯವಿಟ್ಟು ಮನೆಯೊಳಗೆ ತಂದಿಡಿ.

ಬೇಳೆ ಮಿಲ್‌ನಲ್ಲಿ ತೊಗರಿಯ ಸಿಪ್ಪೆ ತೆಗೆಯುವ ಎಮರಿ ರೋಲರ್ ಸವೆಯುತ್ತದೆ. ಸವೆದಾಗ ಮೇಲಿನ ಎಮರಿ ಹೊಸದಾಗಿ ಹಾಕಿಸುತ್ತೇವೆ, ಇಡೀ ಯಂತ್ರ ಎಸೆಯಲ್ಲ. ನನ್ನ ಡ್ರೈವರ್‌ಗೂ ಮಾಡಿದ್ದು ಅದನ್ನೇ. ಹೊಸ ಗ್ರಿಪ್, ಹೊಸ ಶಾಫ್ಟ್, ನಿಲ್ಲುವ ಜಾಗದಲ್ಲಿ ತಿದ್ದುಪಡಿ. ಗಾಳಿಯಲ್ಲಿ 195 ಯಾರ್ಡ್ ಹೋಗುತ್ತಿದ್ದ ಚೆಂಡು 203ಕ್ಕೆ ಬಂತು. ಹೊಸ ಡ್ರೈವರ್ ಬೆಲೆಯ ಚಿಕ್ಕ ಪಾಲಿನಲ್ಲಿ ಎರಡು ವರ್ಷ ಖುಷಿಯಾಗಿ ಆಡಿದೆ.

ಹಾಗಾದರೆ ಬದಲಿಸಿದ್ದು ಯಾಕೆ? ಆವಾಜ್.

ಒಂದು ಬೆಳಿಗ್ಗೆ ಬಲೆಯೊಳಗೆ ಹೊಡೆಯುತ್ತಿದ್ದೆ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಇರುವ ಹಮಾಲಿ ಕಾಕಾ ಚೀಲ ಇಳಿಸುತ್ತ ನಿಂತು ಕೇಳಿದರು, "ಸಾವ್ಕಾರ್ರ, ಅದರ ಆವಾಜ್ ಬದಲಾಗ್ಯಾದ ನೋಡ್ರಿ." ಅವರು ಗಾಲ್ಫ್ ಆಡಿದವರಲ್ಲ. ಆದರೆ ಯಾವ ಬೇರಿಂಗ್ ಹೋಗುತ್ತದೆ ಅಂತ ಅಂಗಳದಿಂದಲೇ ಹೇಳುವ ಕಿವಿ ಅವರದ್ದು. ಮತ್ತೆರಡು ಹೊಡೆದೆ. ಹೌದು, ಮೊದಲಿನ ಟಣ್ ಅನ್ನುವ ಸದ್ದಿಲ್ಲ, ಒಡೆದ ಗಡಿಗೆ ತಟ್ಟಿದ ಹಾಗಿತ್ತು. ಫೇಸ್ ಒರೆಸಿ ಬಿಸಿಲಿಗೆ ಹಿಡಿದು ನೋಡಿದರೆ ಕೆಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು.

ಇಲ್ಲಿಗೆ ಮುಗಿಯಿತು. ಫೇಸ್ ತೆಳು ಟೈಟಾನಿಯಂ ಹಾಳೆ, ಪ್ರತಿ ಹೊಡೆತಕ್ಕೂ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಸಾವಿರಾರು ಸಲ ಬಾಗಿದ ಲೋಹ ಒಂದು ದಿನ ಸೋಲುತ್ತದೆ. ಯಾವ ದಿನ ಅನ್ನುವುದಕ್ಕೆ ವರ್ಷದ ಲೆಕ್ಕ ಇಲ್ಲ. ನಿಧಾನವಾಗಿ ಹೊಡೆಯುವವರ ಡ್ರೈವರ್ ಇಪ್ಪತ್ತು ವರ್ಷ ಬಂದರೂ ಬಂತು, ಜೋರಾಗಿ ದಿನಾ ಹೊಡೆಯುವವರದ್ದು ಮೂರು ವರ್ಷಕ್ಕೇ ಬಿರಿಯಬಹುದು. ಬಿರುಕು ಬಿಟ್ಟ ಫೇಸ್‌ಗೆ ರಿಪೇರಿ ಇಲ್ಲ, ಇನ್ನೂ ಹೊಡೆಯುತ್ತಿದ್ದರೆ ಒಳಗೆ ಕುಸಿಯುತ್ತದೆ. ಅವತ್ತೇ ಚೀಲದಿಂದ ತೆಗೆದೆ.

ಹೊಸದಕ್ಕೆ ಅದೇ ಸ್ಟುಡಿಯೋಗೆ ಹೋದೆ. ಈ ಸಲ ಹುಡುಕಿದ್ದು ದೂರವನ್ನಲ್ಲ, ತಪ್ಪು ಹೊಡೆತವನ್ನು ತಾಳಿಕೊಳ್ಳುವ ತಲೆಯನ್ನು. ಜಿ430 ಮ್ಯಾಕ್ಸ್ 10ಕೆ ಬಂದಿದ್ದು 2024ರಲ್ಲಿ. ಅಡ್ಡ ಮತ್ತು ಮೇಲೆ-ಕೆಳಗೆ, ಎರಡು ದಿಕ್ಕಿನ ಎಂಒಐ ಕೂಡಿಸಿದರೆ ಹತ್ತು ಸಾವಿರ ದಾಟುತ್ತದೆ, ಹೆಸರಿನ 10ಕೆ ಅದೇ. ಅಡ್ಡ ತಿರುಚುವಿಕೆಗೆ ಮಾತ್ರ ನಿಯಮದ ಮಿತಿ ಇದೆ, 5900, ಮೇಲೆ 100 ರಿಯಾಯಿತಿ. ಸಂಖ್ಯೆ ಬಿಡಿ, ನನಗೆ ಕಂಡಿದ್ದು ಹೇಳುತ್ತೇನೆ. ಹಿಮ್ಮಡಿ ಕಡೆ ತಗುಲಿದ ಹೊಡೆತದಲ್ಲಿ ಹಳೇದರ ಚೆಂಡು 172 ಯಾರ್ಡ್‌ಗೆ ಬೀಳುತ್ತಿತ್ತು, ಇದರದ್ದು 183. ಅದಕ್ಕಿಂತ ಮುಖ್ಯ, ಬಲಕ್ಕೆ ಓಡುವುದು ಕಮ್ಮಿಯಾಯಿತು. ಮೊದಲು ಒಂದು ರೌಂಡ್‌ನಲ್ಲಿ ಎರಡು ಮೂರು ಚೆಂಡು ಪೊದೆಗೆ ಹೋಗುತ್ತಿತ್ತು, ಈಗ ಹೆಚ್ಚೆಂದರೆ ಒಂದು. ನಡುಮಧ್ಯದ ಹೊಡೆತ? ಶಾಫ್ಟ್ ಬದಲಿಸಿದ ಹಳೇದಕ್ಕಿಂತ ಎರಡು ಯಾರ್ಡ್ ಮುಂದೆ.

12 ಡಿಗ್ರಿ ತಗೊಂಡೆ. ಸ್ವಿಂಗ್ ನಿಧಾನ ಇರುವವರು 9 ಡಿಗ್ರಿ ಹಿಡಿದುಕೊಂಡು ಓಡಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಚೆಂಡು ಮೇಲೇಳದೆ ಎಲ್ಲಿಗೆ ಹೋಗಬೇಕು? ಇದರ ಕುತ್ತಿಗೆಯಲ್ಲಿ ಲಾಫ್ಟನ್ನು ಒಂದೂವರೆ ಡಿಗ್ರಿ ಆಚೀಚೆ ಮಾಡಬಹುದು. ನನ್ನ ಹಳೇದರಲ್ಲಿ ಆ ಸೌಕರ್ಯ ಇರಲಿಲ್ಲ, ಆಗಿನ್ನೂ ಅದು ಹೊಸದು. ಇಷ್ಟವಾಗದ್ದೂ ಇದೆ. ಹಿಂದಿನ ಭಾರವನ್ನು ಎಡಕ್ಕೆ ಬಲಕ್ಕೆ ಸರಿಸಲು ಆಗುವುದಿಲ್ಲ, ಅಲ್ಲೇ ಕೂರಿಸಿಬಿಟ್ಟಿದ್ದಾರೆ. ಮೇಲಿನಿಂದ ನೋಡಿದರೆ ತಲೆ ಹಿಂದಕ್ಕೆ ಬಹಳ ಚಾಚಿದೆ, ಎರಡು ವಾರ ಕಣ್ಣಿಗೆ ಒಗ್ಗಲಿಲ್ಲ. ಬೆಲೆಯಂತೂ ಹೇಳಲೇಬೇಕಿಲ್ಲ.

ನಿಮ್ಮ ಡ್ರೈವರ್ ತಲೆ 460 ಸಿಸಿಗಿಂತ ಎಷ್ಟೋ ಚಿಕ್ಕದು, ತೊಂಬತ್ತರ ದಶಕದ್ದು ಅಂತಿದ್ದರೆ ಈ ಲೆಕ್ಕವೆಲ್ಲ ಬೇಡ, ಬದಲಿಸಿ, ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಕೈಯಲ್ಲಿ ಹಣ ಕಮ್ಮಿ ಇದ್ದರೆ ನಾಲ್ಕೈದು ವರ್ಷ ಹಳೇ ಮಾಡೆಲ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಸಾಕು. ಆದರೆ ನಕಲಿ ಮಾಲು ಜಾಸ್ತಿ ಇದೆ. ಸೀರಿಯಲ್ ನಂಬರ್ ನೋಡಿ. ಟೈಟಾನಿಯಂ ಫೇಸ್ ಅಂತ ಹೇಳಿದ್ದಕ್ಕೆ ಅಯಸ್ಕಾಂತ ಅಂಟಿಕೊಂಡರೆ ವಾಪಸ್ ಕೊಡಿ, ಟೈಟಾನಿಯಂಗೆ ಅದು ಅಂಟಲ್ಲ.

ಮತ್ತೆ ದೂರವೇ ಎಲ್ಲ ಅಂದುಕೊಳ್ಳುವವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡಬೇಕು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಡ್ರೈವ್ ದೂರದಲ್ಲಿ ಜೊತೆಗಾರರಿಗಿಂತ ಹಿಂದಿದ್ದುಕೊಂಡೇ ನಾಲ್ಕನೇ ಸ್ಥಾನಕ್ಕೆ ಬಂದರು, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಆ ಬೆಳಿಗ್ಗೆ ಮಿಲ್ ಆಫೀಸಿನಲ್ಲಿ ಕೆಲಸ ನಿಲ್ಲಿಸಿ ಟಿವಿ ಮುಂದೆ ಕೂತಿದ್ದೆ, ಕೊನೆಯ ಪಟ್ (ರಂಧ್ರಕ್ಕೆ ಚೆಂಡು ಉರುಳಿಸುವ ಹೊಡೆತ) ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಬಿರುಕು ಬಿಟ್ಟ ಹಳೇ ತಲೆ ಆಫೀಸಿನ ಕಪಾಟಿನಲ್ಲಿದೆ. ಅದರ ಶಾಫ್ಟ್ ಮಾತ್ರ ಗಟ್ಟಿಮುಟ್ಟಾಗಿತ್ತು, ಎರಡೇ ವರ್ಷದ್ದು. ಬೀದರ್‌ನ ಗೆಳೆಯರೊಬ್ಬರ ಹತ್ತಿರ ಅದೇ 2009ರ ಮಾಡೆಲ್ ಇದೆ, ತಲೆಗೆ ಏನೂ ಆಗಿಲ್ಲ, ಶಾಫ್ಟ್ ಇನ್ನೂ ಸ್ಟಿಫ್, ಅವರ ವಯಸ್ಸು 61. ಹೊಸ ಡ್ರೈವರ್ ನೋಡುತ್ತಿದ್ದೇನೆ ಅಂತ ಫೋನ್ ಮಾಡಿದ್ದರು. ಬಿಸಿ ಗಾಳಿಯ ಗನ್ ಹಿಡಿಸಿ ನನ್ನ ಶಾಫ್ಟ್ ಬಿಡಿಸಿಕೊಂಡು ಬಂದು, ಹೋದ ಭಾನುವಾರ ಅವರ ಕೈಗೆ ಕೊಟ್ಟೆ. ಜೊತೆಗೆ ಒಂದು ಪೌಡರ್ ಡಬ್ಬಿ.